ಎಲ್ಲಿಂದ ಶುರು ಆಕ್ಕೇತ್ರಿ?

2003ರಲ್ಲಿ ನಾನು ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. 2003 ಎಂದು ಬರೆದ ಮೇಲೆ ಅನುಮಾನ ಬಂತು; 2004 ಇದ್ದರೂ ಇರಬಹುದು. ಆಗ ನಮ್ಮಲ್ಲಿ ವಿಷುಯಲ್ ಬೇಸಿಕ್ ಕೋರ್ಸಿಗೆ ಬೇಡಿಕೆ ಇನ್ನೂ ಇಳಿದಿರಲಿಲ್ಲ, ಹಾಗಾಗಿ 2003 ಎಂದೇ ಇಟ್ಟುಕೊಳ್ಳುತ್ತೇನೆ. ಕೇಂದ್ರ ಇದ್ದದ್ದು ಪಾತ್ರೆ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಯಾರಾದರೂ ಕೊಡ ಕೊಳ್ಳುವ ಮೊದಲು ಬಡಿದು ನೋಡಿದರೆ ಮೇಲೆ ನಾನು ದನಿ ಏರಿಸಬೇಕಾಗುತ್ತಿತ್ತು. ನನ್ನ ಮನೆ ಹಾವೇರಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ವಿಷುಯಲ್ ಬೇಸಿಕ್ ಎಂದರೆ ಕಿಟಕಿಗಳನ್ನು ಕಟ್ಟುವ ಸಾಧನ. ಖಾಲಿ ಫಾರಂ ಒಂದನ್ನು ಪರದೆಯ ಮೇಲೆ ಇಟ್ಟು, ಅದರ ಮೇಲೆ ಬಟನ್, ಬರೆಯುವ ಪೆಟ್ಟಿಗೆ, ಪಟ್ಟಿಗಳನ್ನು ಮೌಸಿನಿಂದ ಎಳೆದು ಕೂರಿಸಬಹುದು. ಆಮೇಲೆ ಒಂದೊಂದಕ್ಕೂ ಹೇಳಿಕೊಡಬೇಕು: ನಿನ್ನನ್ನು ಯಾರಾದರೂ ಒತ್ತಿದರೆ ಇದನ್ನು ಮಾಡು, ನಿನ್ನೊಳಗೆ ಯಾರಾದರೂ ಬರೆದರೆ ಅದನ್ನು ಮಾಡು. ಒತ್ತುವುದು, ಬರೆಯುವುದು, ಮೌಸ್ ಮೇಲೆ ಹಾಯುವುದು, ಇವಕ್ಕೆಲ್ಲ ಇವೆಂಟ್ ಎಂದು ಹೆಸರು. ಯಾರೂ ಏನೂ ಮಾಡದಿದ್ದರೆ ಪ್ರೋಗ್ರಾಮು ಕಾಯುತ್ತ ಕುಳಿತಿರುತ್ತದೆ. ಹದಿನೆಂಟು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ ಇದನ್ನು ತಿಳಿಸುವುದು ಒಂದು ಮಧ್ಯಾಹ್ನದ ಕೆಲಸ. ಅವರಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

ಗುರುಶಾಂತಪ್ಪನವರು ಬಂದಾಗ ಮೊದಲು ನಾನು ಯಾರೋ ಮಗಳನ್ನು ಸೇರಿಸಲು ಬಂದ ತಂದೆ ಎಂದುಕೊಂಡೆ. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

"ಯಾರಿಗೆ ಸರ್ ಕೋರ್ಸು?" ಎಂದೆ.

"ನನಗ್ರೀ ಅಕ್ಕಾರ. ಯಾಕ, ಗಿರಾಕಿ ಹಳೇದಾತೇನು?"

ನಮ್ಮ ಕಡೆ ಶಾಲೆಯ ಹೆಣ್ಣು ಮಾಸ್ತರರನ್ನು ಅಕ್ಕಾರ ಎನ್ನುತ್ತಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಕೊನೆಯವರೆಗೂ ನನ್ನನ್ನು ಹಾಗೆಯೇ ಕರೆದರು, ಒಂದು ದಿನವೂ ಅದರಲ್ಲಿ ಚೇಷ್ಟೆ ಇರಲಿಲ್ಲ.

ಅವರು ಬ್ಯಾಡಗಿಯವರು, ಮತ್ತು ಆಗಲೇ ಪ್ರೋಗ್ರಾಮರ್ ಆಗಿದ್ದರು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಗೆ ಹೋಗಿ ಫಾಕ್ಸ್‌ಪ್ರೊ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗಾಗಿ ಒಂದು ಪ್ರೋಗ್ರಾಮು ಬರೆದಿದ್ದರು. ನೀಲಿ ಪರದೆ, ಬಿಳಿ ಅಕ್ಷರ, ಮೌಸ್ ಬೇಡ. ಮಾಲು ಯಾರದ್ದು, ಯಾವ ಲಾಟು ಅಂದರೆ ರಾಶಿ, ಎಷ್ಟು ಚೀಲ, ಏನು ತೂಕ: ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ, ಉತ್ತರ ಬರೆದು ಎಂಟರ್ ಒತ್ತಿದರೆ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಊರಿನ ಅನೇಕ ಅಂಗಡಿಗಳಲ್ಲಿ ಅದೇ ನಡೆಯುತ್ತಿತ್ತು. ಈಗ ಅಂಗಡಿಗಳಿಗೆ ಹೊಸ ಕಂಪ್ಯೂಟರ್ ಬರತೊಡಗಿದ್ದವು, ಎಲ್ಲದರಲ್ಲೂ ವಿಂಡೋಸ್. ಅಂಗಡಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದರು: ಸುಗ್ಗಿಗೆ ಮೊದಲು ಒಂದೇ ವಿಂಡೋಸ್ ಪ್ರೋಗ್ರಾಮನ್ನು ಆರಿಸಿ ಎಲ್ಲರೂ ಹಾಕಿಸಿಕೊಳ್ಳುವುದು. ಹೊರಗಿನ ಒಂದು ಕಂಪನಿ ತನ್ನದನ್ನು ತೋರಿಸುವುದಾಗಿ ಹೇಳಿತ್ತು. ಗುರುಶಾಂತಪ್ಪನವರಿಗೂ ಅವಕಾಶ ಕೊಟ್ಟಿದ್ದರು, ಊರಿನವರು ಎಂದು.

"ಬ್ಯಾಡಗಿಯೊಳಗ ನನ್ನ ಹೊಲಾ ಇಲ್ಲ, ಅಂಗಡಿ ಇಲ್ಲ," ಎಂದರು ಅವರು. "ಆ ಪ್ರೋಗ್ರಾಮ್ ಒಂದ ಐತಿ. ಅದು ಹೋತಂದ್ರ ನಾ ಯಾರು ಅಂತ ಕೇಳಿದ್ರ ಏನ್ ಹೇಳ್ಲಿ?"

ಮೊದಲ ಪಾಠದಲ್ಲೇ ಅವರು ಕೈ ಎತ್ತಿದರು. ನಾನು ಫಾರಂ ಮೇಲೆ ಎರಡು ಬಟನ್ ಇಟ್ಟು, ಒಂದೊಂದಕ್ಕೂ ಎರಡು ಸಾಲು ಬರೆದು ತೋರಿಸಿದ್ದೆ.

"ಅಕ್ಕಾರ, ಇದು ಎಲ್ಲಿಂದ ಶುರು ಆಕ್ಕೇತ್ರಿ?"

"ಶುರು ಅಂತ ಇಲ್ಲ ಸರ್. ಬಳಸುವವರು ಯಾವುದನ್ನು ಒತ್ತುತ್ತಾರೋ ಅಲ್ಲಿಂದ."

"ಅವರು ಎರಡನೇದು ಮೊದಲ ಒತ್ತಿದ್ರ?"

"ಒತ್ತಬಹುದು."

"ಏನೂ ಒತ್ತದ ಎದ್ದು ಚಾ ಕುಡ್ಯಾಕ ಹೋದ್ರ?"

"ಕಾಯುತ್ತಾ ಇರುತ್ತದೆ."

ಅವರು ತಲೆ ಅಲ್ಲಾಡಿಸಿದರು. "ಹಂಗಾರ ಇದು ಪ್ರೋಗ್ರಾಮ್ ಅಲ್ರೀ. ಬೀಗರ ಮನ್ಯಾಗ ಕುಂತ ಅಳಿಯ. ಕರದ್ರ ಏಳ್ತಾನ, ಇಲ್ಲಂದ್ರ ಇಲ್ಲ."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಅವರು ನಗಿಸಲು ಹೇಳಿರಲಿಲ್ಲ ಎಂದು ಮರುವಾರ ಗೊತ್ತಾಯಿತು. ಆ ವಾರ ಅವರು ತಮ್ಮ ಮೊದಲ ಫಾರಂ ತಂದರು. ಓಡಿಸಿದರೆ ಏನೂ ಕಾಣಿಸುವುದಿಲ್ಲ, ಕಂಪ್ಯೂಟರು ಮಾತ್ರ ಸಿಕ್ಕಿಹಾಕಿಕೊಂಡಂತೆ ನಿಂತುಬಿಡುತ್ತದೆ. ಕೋಡ್ ತೆರೆದು ನೋಡಿದೆ. ಫಾರಂ ತೆರೆದುಕೊಳ್ಳುವ ಕ್ಷಣದಲ್ಲಿ ನಡೆಯುವ ಜಾಗದಲ್ಲಿ ಅವರು ಒಂದು ಲೂಪ್ ಬರೆದಿದ್ದರು: ಹೆಸರು ಬರುವವರೆಗೆ ಕೇಳುತ್ತಿರು, ಬಂದ ಮೇಲೆ ಲಾಟು ಕೇಳು, ಆಮೇಲೆ ಚೀಲ. ಫಾಕ್ಸ್‌ಪ್ರೊದಲ್ಲಿ ಅವರು ವರ್ಷಗಟ್ಟಲೆ ಬರೆದದ್ದು ಹಾಗೆಯೇ. ಇಲ್ಲಿ ಆ ಲೂಪ್ ಮುಗಿಯದೆ ಕಿಟಕಿ ಪರದೆಗೆ ಬರುವುದಿಲ್ಲ. ಕಿಟಕಿ ಬಾರದೆ ಹೆಸರು ಬರೆಯಲಾಗುವುದಿಲ್ಲ. ಹೆಸರು ಬಾರದೆ ಲೂಪ್ ಮುಗಿಯುವುದಿಲ್ಲ. ನಾನು ಇದನ್ನು ಹಲಗೆಯ ಮೇಲೆ ಬಾಣ ಹಾಕಿ ವಿವರಿಸಿದೆ. ಅವರು ಬಹಳ ಹೊತ್ತು ಆ ಬಾಣಗಳನ್ನೇ ನೋಡಿದರು.

"ಹೊರಗ ಬರಾಕ ಬಾಗಲಾ ತೆಗೀಬೇಕು, ಬಾಗಲಾ ತೆಗ್ಯಾಕ ಹೊರಗ ಬರಬೇಕು," ಎಂದರು. "ತಿಳೀತ್ರಿ." ಸುತ್ತ ಇದ್ದ ಹುಡುಗರು ಆ ಹೊತ್ತಿಗೆ ಕ್ಯಾಲ್ಕ್ಯುಲೇಟರ್ ಮಾಡಿ ಮುಗಿಸಿ, ಬಟನ್‌ಗಳಿಗೆ ಬಣ್ಣ ಬಳಿಯುತ್ತಿದ್ದರು.

ಇಷ್ಟಾದ ಮೇಲೆ ನಾನು ಒಮ್ಮೆ ಬ್ಯಾಡಗಿಗೆ ಹೋದೆ. ಅವರೇ ಕರೆದರು. "ನೀವು ಒಮ್ಮೆ ನೋಡ್ರಿ ಅಕ್ಕಾರ, ಆಮ್ಯಾಲ ಶುರು ಇಲ್ಲ ಅನ್ರಿ" ಎಂದರು. ಮೋಟೆಬೆನ್ನೂರಿನಲ್ಲಿ ಬಸ್ ಇಳಿದು ಟೆಂಪೊ ಹತ್ತಿದೆ. ಊರು ಇನ್ನೂ ದೂರವಿರುವಾಗಲೇ ಮೂಗಿನಲ್ಲಿ ಚುರುಗುಟ್ಟತೊಡಗಿತು. ಸುಗ್ಗಿ ಇರಲಿಲ್ಲ, ಇದ್ದದ್ದು ಹಳೆಯ ಮಾಲು. ಅಷ್ಟಕ್ಕೇ ನಾನು ಅಂಗಡಿಯ ಮೆಟ್ಟಿಲಲ್ಲಿ ನಿಂತು ಸಾಲಾಗಿ ಸೀನಿದೆ. ಹಮಾಲರು ಕೆಲಸ ನಿಲ್ಲಿಸಿ ನೋಡಿದರು. "ಹಾವೇರಿಯವ್ರು ಬಂದ್ರು ನೋಡ್ರಲೇ" ಎಂದ ಒಬ್ಬ.

ಕಂಪ್ಯೂಟರಿನ ಮುಂದೆ ಕುಳಿತವಳು ಗಿರಿಜಾ ಎಂಬ ಹೆಂಗಸು. ಮೂಗು ಬಾಯಿಗೆ ಸೆರಗು ಬಿಗಿದುಕೊಂಡಿದ್ದಳು. ಕಣ್ಣು ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತಿದ್ದವು. ತೆರೆದರೆ ಘಾಟಿಗೆ ನೀರು ಸುರಿಯುತ್ತದೆ, ಸುರಿದರೆ ಪರದೆ ಕಾಣುವುದಿಲ್ಲ, ಹಾಗಾಗಿ ತೆರೆಯುವುದೇ ದಂಡ. ತಕ್ಕಡಿಯ ಹತ್ತಿರ ನಿಂತವನು ಕೂಗುತ್ತಿದ್ದ: ಮಾಲಿನವರ ಹೆಸರು, ಲಾಟು, ಚೀಲ, ತೂಕ. ಯಾವಾಗಲೂ ಅದೇ ಕ್ರಮ, ಒಂದು ರಾಗದಲ್ಲಿ. ಅವಳು ಕೇಳಿಸಿಕೊಂಡು ಒತ್ತುತ್ತಾಳೆ, ಎಂಟರ್ ಹೊಡೆಯುತ್ತಾಳೆ, ಕಂಪ್ಯೂಟರು 'ಬೀಪ್' ಎನ್ನುತ್ತದೆ. ಆ ಬೀಪ್ ಕೇಳಿದರೆ ಉತ್ತರ ಸರಿಯಾಗಿ ಕೂತಿತು, ಮುಂದಿನದು ಹೇಳು ಎಂದು ಅರ್ಥ. ಕೂಗುವವನೂ ಆ ಸದ್ದಿಗೆ ಕಾಯುತ್ತಾನೆ. ಗುರುಶಾಂತಪ್ಪನವರ ಪ್ರೋಗ್ರಾಮು ಕೇಳುವ ಪ್ರಶ್ನೆಗಳ ಸಾಲು ಈ ಕೂಗಿನ ಸಾಲೇ ಆಗಿತ್ತು.

ಪಕ್ಕದ ಮೇಜಿನ ಮೇಲೆ ಹೊಸ ಕಂಪ್ಯೂಟರು ಮುಸುಕು ಹಾಕಿಕೊಂಡು ಕುಳಿತಿತ್ತು. "ಅದನ್ನ ಮುಟ್ಟಿಲ್ಲೇನು?" ಎಂದು ಕೇಳಿದೆ.

"ಮುಟ್ಟೇನ್ರಿ," ಎಂದಳು ಗಿರಿಜಾ. "ಮೌಸಿನ ಹೊಟ್ಯಾಗ ಗುಂಡು ಇರ್ತೇತಲ್ರಿ, ಅದು ತಿರಗವಲ್ದಾಗಿತ್ತು. ತೆಗದು ಒರಸಿದೆ. ಖಾರ ಕುಂತಿತ್ತು. ಆ ಕೈಲೆ ಕಣ್ಣು ಉಜ್ಜಿಕೊಂಡೆ." ಸೆರಗಿನ ಹಿಂದೆ ಅವಳು ನಕ್ಕಳು. "ಅವತ್ತಿಂದ ಅದಕ್ಕ ನಾ ನಮಸ್ಕಾರ ಮಾಡಿ ದೂರ ಕುಂದರ್ತೇನಿ."

ತಿರುಗಿ ಬರುವಾಗ ಗುರುಶಾಂತಪ್ಪನವರು ಮೋಟೆಬೆನ್ನೂರಿನವರೆಗೆ ನನ್ನ ಜೊತೆ ಬಂದರು. "ಶುರು ಐತೋ ಇಲ್ಲೋ?" ಎಂದರು. ಇದೆ ಎಂದು ನಾನು ಒಪ್ಪಿಕೊಂಡೆ. ಹಾಗೆಂದು ನೆನಪು. ಒಪ್ಪಿಕೊಳ್ಳದೆ ಬರೀ ಕಣ್ಣು ಒರೆಸಿಕೊಂಡಿದ್ದನ್ನು ಅವರು ಒಪ್ಪಿಗೆ ಎಂದು ತಿಳಿದಿದ್ದರೂ ಇರಬಹುದು.

ಆಮೇಲೆ ಅವರು ಕಲಿತರು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಬ್ಯಾಡಗಿಯಲ್ಲಿ ಈಗ ಕೇಳಿದರೆ 'ಪಾಪ, ಅವರಿಗೆ ವಿಂಡೋಸ್ ತಲೆಗೆ ಹತ್ತಲಿಲ್ಲ' ಎನ್ನುತ್ತಾರೆ. ಹತ್ತಿತ್ತು. ಫೋಕಸ್ ಎಂದರೇನು, ಅಂದರೆ ಪರದೆಯ ಮೇಲಿನ ಎಷ್ಟೋ ಪೆಟ್ಟಿಗೆಗಳಲ್ಲಿ ಈಗ ಅಕ್ಷರ ಬೀಳುವುದು ಯಾವುದರಲ್ಲಿ, ಅದನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವುದು ಹೇಗೆ, ಎಲ್ಲ ಕಲಿತರು. ಒಂದು ದಿನ ಮಾತ್ರ ತೀರ ಸಿಟ್ಟಾದರು. ಕಿಟಕಿಗಳಲ್ಲಿ ಸಾಮಾನ್ಯವಾಗಿ 'ಸೇವ್' ಎಂಬ ಬಟನ್ ಇರುತ್ತದೆ, ಅದನ್ನು ಡಿಫಾಲ್ಟ್ ಮಾಡಿರುತ್ತಾರೆ. ಅಂದರೆ ಎಂಟರ್ ಒತ್ತಿದರೆ ಆ ಬಟನ್ನನ್ನೇ ಒತ್ತಿದಂತೆ. ನಾನು ಇದನ್ನು ಹೇಳಿದಾಗ ಅವರು ಕುರ್ಚಿ ಹಿಂದೆ ಸರಿಸಿದರು.

"ಹೆಸರು ಬರದು ಎಂಟರ್ ಹೊಡದ್ರ ಸೇವ್ ಆಕ್ಕೇತಿ? ಲಾಟ್ ಇಲ್ಲದ, ಚೀಲ ಇಲ್ಲದ?"

"ಎಂಟರ್ ಅಂದರೆ ಇಲ್ಲಿ 'ಮುಗೀತು' ಅಂತ ಸರ್. ಮುಂದಿನದಕ್ಕೆ ಹೋಗಲು ಟ್ಯಾಬ್ ಒತ್ತಬೇಕು."

"ಯಾರು ಹೇಳಿದ್ದು?"

"ಎಲ್ಲ ಕಿಟಕಿಗಳೂ ಹಾಗೇ ಸರ್," ಎಂದೆ.

"ಎಂಟರ್ ಅಂದ್ರ ಮುಂದ ನಡಿ ಅಂತ್ರಿ ಅಕ್ಕಾರ," ಎಂದರು, ಈಗ ದನಿ ಇಳಿಸಿ. "ನಮ್ಮೂರಾಗಿನ ಬೆರಳೆಲ್ಲಾ ಹಂಗ ಕಲತಾವು. ನಾನ ಕಲಿಸೇನಿ."

ಅವರು ಕಟ್ಟಿದ ಫಾರಂ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಉಳಿದ ಎಷ್ಟೋ ವಿಷಯ ಮಸುಕಾಗಿದ್ದರೂ. ಬೂದು ಬಣ್ಣದ ಕಿಟಕಿ. ಸೇವ್ ಬಟನ್ ಇಲ್ಲ. ಮೂಲೆಯಲ್ಲಿ ಮುಚ್ಚುವ ಗುರುತೂ ಇಲ್ಲ. ಪೆಟ್ಟಿಗೆಗಳು ಕೂಗಿನ ಕ್ರಮದಲ್ಲಿ ಸಾಲಾಗಿ ನಿಂತಿವೆ, ಆದರೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಜೀವಂತ. ಉಳಿದವೆಲ್ಲ ಮಂಕು, ಮೌಸಿನಿಂದ ಎಷ್ಟು ಒತ್ತಿದರೂ ಏಳುವುದಿಲ್ಲ. ಉತ್ತರ ಬರೆದು ಎಂಟರ್ ಹೊಡೆದರೆ ಬೀಪ್, ಆ ಪೆಟ್ಟಿಗೆ ಮಲಗುತ್ತದೆ, ಮುಂದಿನದು ಏಳುತ್ತದೆ. ತೂಕದ ಮೇಲೆ ಎಂಟರ್ ಹೊಡೆದರೆ ತಾನೇ ಸೇವ್ ಆಗಿ ಮತ್ತೆ ಹೆಸರಿಗೆ ಬರುತ್ತದೆ. ಎಲ್ಲಿಂದ ಬೇಕಾದರೂ ಶುರುವಾಗುವ ಯಂತ್ರವನ್ನು ಹಿಡಿದು, ಅದರೊಳಗೆ ಒಂದೇ ಒಂದು ಶುರುವನ್ನು ಬಿಟ್ಟು ಉಳಿದ ಬಾಗಿಲಿಗೆಲ್ಲ ಚಿಲಕ ಹಾಕಿದ್ದರು.

"ಮೌಸಿಗೂ ಸ್ವಲ್ಪ ಜಾಗ ಕೊಡಿ ಸರ್," ಎಂದೆ. "ಆರಿಸುವವರು ಅದನ್ನೇ ನೋಡುತ್ತಾರೆ."

"ಕಿಟಕಿ ಅಂದ್ರ ಎಲ್ಲಾ ಕಡೆ ತೆಗ್ಯಾಕ ಬೇಕು ಅಂತ ಎಲ್ಲೈತ್ರಿ? ಗಾಳಿ ಎತ್ತಾಗಿಂದ ಬರ್ತೇತಿ ನೋಡಿ ತೆಗೀಬೇಕು." ಮೌಸನ್ನು ದೂರ ಸರಿಸಿ ಹೇಳಿದರು: "ಒಂದು ತೆಗದ್ರ ಗಿರಿಜಾನ ಕೈ ಅಡ್ಡಾತಿಡ್ಡಿ ಬಿದ್ದು ಅಲ್ಲೇ ಹೋಗಿ ಕುಂದರ್ತೇತಿ. ಆಕಿ ಕಣ್ಣು ತೆಗದು ನೋಡೂದಿಲ್ಲ. ಯಾರ್ದೋ ತೂಕ ಯಾರ್ದೋ ಹೆಸರಿಗೆ ಬೀಳ್ತೇತಿ."

ಅವರ ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಈಗಲೂ ಆಗಿಲ್ಲ.

ಆಯ್ಕೆಯ ಸಭೆಯನ್ನು ಹಾವೇರಿಯಲ್ಲಿ ಇಟ್ಟರು. ಹೊರಗಿನ ಕಂಪನಿಯವರು ರೈಲಿನಲ್ಲಿ ಬಂದು ಅಲ್ಲೇ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದರು, ಲಾಡ್ಜಿನ ಕೆಳಗಿನ ಹಾಲ್‌ನಲ್ಲೇ ಕಂಪ್ಯೂಟರ್ ಇಟ್ಟರೆ ಅನುಕೂಲ ಎಂದು. ಹಾಲ್‌ನಲ್ಲಿ ಫ್ಯಾನು, ಕಾಫಿ, ಒರೆಸಿದ ನೆಲ. ಮೆಣಸಿನಕಾಯಿಯ ಒಂದು ಬೀಜವೂ ಇರಲಿಲ್ಲ. ಗಿರಿಜಾಳನ್ನಾಗಲಿ, ಅವಳಂತೆ ಕೆಲಸ ಮಾಡುವ ಇನ್ನಾರನ್ನಾಗಲಿ ಕರೆದಿರಲಿಲ್ಲ. ಬಂದವರೆಲ್ಲ ಅಂಗಡಿ ಮಾಲೀಕರು. ಅವರ ಹಿರಿಯ, ಗಿರಿಜಾಳ ಅಂಗಡಿಯ ಮಾಲೀಕ ವೀರಭದ್ರಪ್ಪ ಸಾವುಕಾರರು, ಮುಂದಿನ ಸೋಫಾದಲ್ಲಿ ಕುಳಿತಿದ್ದರು. ಗುರುಶಾಂತಪ್ಪನವರು ನನ್ನನ್ನೂ ಬರಹೇಳಿದ್ದರು. "ಕಲಿಸಿದವ್ರು ಕುಂತಿದ್ರ ಧೈರ್ಯ" ಎಂದಿದ್ದರು.

ಕಂಪನಿಯ ಹುಡುಗ ಮೊದಲು ತೋರಿಸಿದ. ಅವನು ಒಂದು ಕಡೆ ಒತ್ತಿದರೆ ಪಟ್ಟಿ ಇಳಿಯುತ್ತಿತ್ತು, ಇನ್ನೊಂದು ಕಡೆ ಒತ್ತಿದರೆ ಹೊಸ ಕಿಟಕಿ ತೆರೆಯುತ್ತಿತ್ತು, ಅದರ ಮೇಲೆ ಮತ್ತೊಂದು. "ನೀವೇ ಒತ್ತಿ ನೋಡಿ ಸರ್," ಎಂದು ಮೌಸನ್ನು ಸಾವುಕಾರರ ಕೈಗೆ ಕೊಟ್ಟ. ಅವರು ಒತ್ತಿದಲ್ಲೆಲ್ಲ ಏನಾದರೊಂದು ಆಯಿತು. ಸಾವುಕಾರರ ಮುಖ ಅರಳಿತು.

ಆಮೇಲೆ ಗುರುಶಾಂತಪ್ಪನವರ ಸರದಿ. ಅವರು ಬಾಯಿ ತೆರೆಯುವ ಮೊದಲೇ ಸಾವುಕಾರರು ಮೌಸ್ ಹಿಡಿದುಕೊಂಡಿದ್ದರು. ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಕಡೆ ಒತ್ತಿದರು.

"ಗುರುಶಾಂತಪ್ಪ, ಇದು ಏಳವಲ್ದಲ್ಲೋ. ಜೀವ ಐತೋ ಹೋಗೇತೋ?"

"ಮೌಸ್ ಬ್ಯಾಡ್ರೀ ಸಾವ್ಕಾರ. ಇಲ್ಲಿ ಕೇಳ್ರಿ." ಅವರು ಕೀಬೋರ್ಡಿನ ಮುಂದೆ ಕುಳಿತರು. ಮತ್ತು ಕಣ್ಣು ಮುಚ್ಚಿದರು. ತಾವೇ ತಕ್ಕಡಿಯವನ ರಾಗದಲ್ಲಿ ಕೂಗಿಕೊಳ್ಳುತ್ತ, ಹೆಸರು, ಬೀಪ್, ಲಾಟು, ಬೀಪ್, ಚೀಲ, ಬೀಪ್, ತೂಕ, ಬೀಪ್, ಒಂದಾದ ಮೇಲೊಂದು ಲಾಟನ್ನು ತುಂಬಿದರು. ಒಂದೂ ತಪ್ಪಿಲ್ಲ. ನಾನು ಪರದೆ ನೋಡುತ್ತಿದ್ದೆ. ಅವರ ಹಿಂದೆ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಸಾವುಕಾರರು, ನಗುತ್ತ, ಪ್ರೀತಿಯಿಂದಲೇ ಹೇಳಿದರು:

"ಕಣ್ಣು ತೆಗಿಯೋ ಮಾರಾಯಾ. ಇದು ಹಾವೇರಿ."

ಹಾಲ್ ತುಂಬ ನಗು. ಗುರುಶಾಂತಪ್ಪನವರು ಕಣ್ಣು ತೆರೆದರು. ಅಷ್ಟರಲ್ಲಿ ಕಾಫಿ ಬಂತು. ಕಾಫಿ ಮುಗಿಯುವಷ್ಟರಲ್ಲಿ ಕಂಪನಿಯದೇ ಆಯ್ಕೆಯಾಗಿತ್ತು.

ಬಸ್ ನಿಲ್ದಾಣದವರೆಗೆ ನಾವಿಬ್ಬರೂ ನಡೆದು ಹೋದೆವು. ಅಲ್ಲಿ ಅವರು ಏನೆಂದರು ಎಂಬುದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವರು, "ನೀವು ಹೇಳಿದಂಗ ಮೌಸಿಗೆ ಜಾಗಾ ಕೊಡಬೇಕಿತ್ರಿ" ಎನ್ನುತ್ತಾರೆ. ಇನ್ನೊಂದರಲ್ಲಿ ಏನೂ ಹೇಳದೆ ಬ್ಯಾಡಗಿ ಬಸ್ಸಿನ ಬೋರ್ಡು ಹುಡುಕುತ್ತಾರೆ. ಮೊದಲನೆಯದು ನನಗೆ ಹಿತವಾದದ್ದು, ಆದ್ದರಿಂದ ಅದು ನಾನು ಕಟ್ಟಿಕೊಂಡದ್ದಿರಬೇಕು.

ಮತ್ತೆ ಅವರನ್ನು ನೋಡಿದ್ದು ನಾಲ್ಕೈದು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ನಾನು ಬೇರೊಂದು ಭಾಷೆ, ಬೇರೊಂದು ಬಗೆಯ ಕಿಟಕಿಗಳನ್ನು ಕಲಿಸುತ್ತಿದ್ದೆ. ಬ್ಯಾಡಗಿಯ ಅಂಗಡಿಯೊಂದರವರು ತಮ್ಮ ಕೆಲಸಗಾರರಿಗೆ ತರಬೇತಿ ಬೇಕು ಎಂದು ಕರೆಸಿದ್ದರು. ಅದೇ ಅಂಗಡಿ, ಅದೇ ಮೆಟ್ಟಿಲು, ಅದೇ ಸೀನು. ಗಿರಿಜಾಳ ಕುರ್ಚಿಯಲ್ಲಿ ಗುರುಶಾಂತಪ್ಪನವರು ಕುಳಿತಿದ್ದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕೆಂಪಾದ ಕಣ್ಣುಗಳನ್ನು ಅಗಲಿಸಿ ಪರದೆಗೆ ನೆಟ್ಟುಕೊಂಡು, ಮೌಸಿನಿಂದ ಒಂದೊಂದೇ ಪೆಟ್ಟಿಗೆಯನ್ನು ಗುರಿಯಿಟ್ಟು ಒತ್ತುತ್ತಿದ್ದರು. ನೀರು ಗದ್ದದವರೆಗೆ ಇಳಿದಿತ್ತು. ಹಿಂದೆ ತಕ್ಕಡಿಯವನು ಕೂಗಿ, ನಿಂತು, "ಆತೇನ್ರೀ? ಆತೇನ್ರೀ?" ಎಂದು ಕೇಳುತ್ತಿದ್ದ. ಬೀಪ್ ಇರಲಿಲ್ಲ.

"ಗಿರಿಜಾ ಎಲ್ಲಿ?" ಎಂದೆ.

"ಬಿಡಿಸಿದ್ರು," ಎಂದರು. "ಆಕಿ ಹೆಸರು ಬರದು ಎಂಟರ್ ಹೊಡ್ಯಾಕಿ. ಅರ್ಧಮರ್ಧ ಸೇವ್ ಆಗ್ತಿದ್ವು. ಹೊಡೀಬ್ಯಾಡ ಅಂತ ಎಲ್ಲಾರೂ ಹೇಳಿದ್ರು. ಆಕಿಗೂ ತಿಳೀತಿತ್ತು. ಬೆರಳಿಗೆ ತಿಳೀಲಿಲ್ಲ. ಒಂದಿನ ಒಬ್ಬರ ಮಾಲಿನ ತೂಕ ಇನ್ನೊಬ್ಬರ ಹೆಸರಿನ್ಯಾಗ ಹೋತು, ದೊಡ್ಡ ಗದ್ದಲಾತು." ತೋಳಿನಿಂದ ಗದ್ದ ಒರೆಸಿಕೊಂಡು, "ಜಾಗಾ ಖಾಲಿ ಆತಲ್ಲ, ಸಾವ್ಕಾರರು ನನ್ನ ಕರದ್ರು. ಕಂಪ್ಯೂಟರ್ ಬಲ್ಲಾಂವ ಅಂತ."

ನಿಮ್ಮ ಬೆರಳು ಹೇಗೆ ಕೇಳುತ್ತದೆ ಎಂದು ನಾನು ಕೇಳಬಾರದಿತ್ತು, ಕೇಳಿದೆ.

ಅವರು ಮೌಸ್ ಬಿಟ್ಟು ಕೀಬೋರ್ಡನ್ನು ನನ್ನ ಕಡೆ ತಿರುಗಿಸಿದರು. ಎಂಟರ್ ಕೀ ಇರಬೇಕಾದಲ್ಲಿ ಒಂದು ಚೌಕದ ಕುಳಿ ಇತ್ತು. ಕುಳಿಯ ತಳದಲ್ಲಿ ಖಾರದ ಪುಡಿ ಕೆಂಪಗೆ ಕೂತಿತ್ತು.

"ಕೇಳವಲ್ದಾಗಿತ್ರಿ ಅಕ್ಕಾರ. ಅದಕ್ಕ ಸ್ಕ್ರೂಡ್ರೈವರ್ ಹಾಕಿ ಕಿತ್ತೇನಿ. ಈಗ ಬೆರಳು ಹೋಗಿ ತಗ್ಗಿನ್ಯಾಗ ಬೀಳ್ತೇತಿ, ಬಿದ್ದಾಗ ನೆನಪಾಕ್ಕೇತಿ."

"ಇನ್ನೂ ಬೀಳುತ್ತದೆಯಾ?"

"ದಿನಾ," ಎಂದರು. ತಕ್ಕಡಿಯವನು ಮತ್ತೆ ಕೂಗಿದ. ಅವರು ಪರದೆಗೆ ತಿರುಗಿದರು.

ಆ ದಿನದ ತರಬೇತಿಯನ್ನು ಮುಗಿಸಿದೆ. ಏನು ಕಲಿಸಿದೆ ಎಂಬುದು ಈಗ ನೆನಪಿಲ್ಲ. ಆ ಕುಳಿ ಮಾತ್ರ ಇದೆ, ಮತ್ತು ಅದರಲ್ಲಿದ್ದ ಕೆಂಪು. ಆ ಕೆಂಪನ್ನು ನಾನೇ ಆಮೇಲೆ ತುಂಬಿದೆನೋ ಏನೋ, ಆಣೆ ಮಾಡಿ ಹೇಳಲಾರೆ.

ಈ ವೃತ್ತಿ ನನಗೆ ಏನು ಕಲಿಸಿತು ಎಂದು ಕೇಳಿದರೆ ಹೇಳಬಹುದಾದದ್ದು ಕಡಿಮೆ. ಒಬ್ಬರಿಗೆ ಹೊಸದನ್ನು ಕಲಿಸಬಹುದು. ಅದಕ್ಕೆ ಸಿಲೆಬಸ್ ಇದೆ, ಪುಸ್ತಕ ಇದೆ, ಕೊನೆಗೆ ಸರ್ಟಿಫಿಕೇಟು ಇದೆ. ಮೊದಲು ಕಲಿತದ್ದನ್ನು ಕೈಯಿಂದ ಬಿಡಿಸುವ ಪಾಠ ಮಾತ್ರ ಯಾವ ಕೋರ್ಸಿನಲ್ಲೂ ಇರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಅದನ್ನು ಅವರವರೇ ಸ್ಕ್ರೂಡ್ರೈವರಿನಿಂದ ಮಾಡಿಕೊಳ್ಳುತ್ತಾರೆ, ಅದೂ ಪೂರ್ತಿ ಆಗುವುದಿಲ್ಲ.

ಇದನ್ನು ನಾನು ಕಂಪ್ಯೂಟರಿನಲ್ಲೇ ಬರೆದೆ. ಪ್ರತಿ ಪ್ಯಾರಾ ಮುಗಿದಾಗ ಎಂಟರ್ ಒತ್ತಿದೆ. ಒತ್ತಿದಾಗಲೆಲ್ಲ ಅದು ಮುಂದಿನ ಸಾಲಿಗೆ ಹೋಯಿತು. ಗುರುಶಾಂತಪ್ಪನವರು ಕೇಳಿದ್ದು ಇಷ್ಟನ್ನೇ.